ಏಳು ಚುಕ್ಕೆ, ಎಂಟು ಕಣ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಕೆಲವು ಅಧ್ಯಾಪಕರೊಡನೆ ಮಾತನಾಡುತ್ತ ಬೇರಿಯಾನ್ ಅಷ್ಟಕದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದಿದ್ದೆ. ಷಟ್ಕೋನದ ಮೂಲೆಗಳಲ್ಲಿ ಆರು ಚುಕ್ಕೆ, ನಡುವೆ ಒಂದು. "ಸಾರ್, ಚುಕ್ಕೆ ಏಳೇ ಇವೆಯಲ್ಲ, ಎಂಟನೆಯ ಕಣ ಎಲ್ಲಿ?" ಎಂದು ಒಬ್ಬರು ಕೇಳಿದರು. "ನಡುವಿನದನ್ನು ಎರಡು ಸಲ ಎಣಿಸಿ" ಎಂದುಬಿಟ್ಟೆ. ಅದು ಉತ್ತರವಲ್ಲ, ಅಪ್ಪಣೆ. ಉತ್ತರ ಇಲ್ಲಿದೆ.

ಕೋನೀಯ ಸಂವೇಗವನ್ನು ಓದಿದವರಿಗೆ 'ತೂಕ' ಎಂಬ ಪರಿಕಲ್ಪನೆ ಹೊಸದಲ್ಲ. ತಕ್ಕಡಿಗೂ ಅದಕ್ಕೂ ಸಂಬಂಧವಿಲ್ಲ. ಸ್ಪಿನ್ 1 ಇರುವ ಕಣದಲ್ಲಿ ಒಂದು ಆಪರೇಟರ್ 1, 0, −1 ಎಂಬ ಮೌಲ್ಯಗಳನ್ನು ಅಳೆಯುತ್ತದೆ. ಇನ್ನೊಂದು ಮೆಟ್ಟಿಲು ಏರಿಸುತ್ತದೆ, ಮತ್ತೊಂದು ಇಳಿಸುತ್ತದೆ. ಈ ಮೂರೂ ಸೇರಿದ್ದು ಅತ್ಯಂತ ಸರಳವಾದ ಲೀ ಬೀಜಗಣಿತ. ಆ ಮೂರು ಸ್ಥಿತಿಗಳ ಕುಟುಂಬವೇ ಅದರ ಒಂದು ಅವಿಭಾಜ್ಯ ನಿರೂಪಣೆ, ಅಳೆದ ಸಂಖ್ಯೆಗಳೇ ತೂಕಗಳು. (ಗಣಿತಜ್ಞರು ಇವನ್ನು ಇಮ್ಮಡಿಗೊಳಿಸಿ 2, 0, −2 ಎನ್ನುತ್ತಾರೆ, ವಿದ್ಯಾರ್ಥಿಗಳ ಅರ್ಧ ಗೊಂದಲ ಇಲ್ಲಿಂದಲೇ.)

ಅಷ್ಟಕದ ಬೀಜಗಣಿತದಲ್ಲಿ ಅಳೆಯುವ ಆಪರೇಟರುಗಳು ಎರಡು. ಆದ್ದರಿಂದ ತೂಕವೆಂದರೆ ಸಂಖ್ಯೆಗಳ ಜೋಡಿ, ಹಾಳೆಯ ಮೇಲಿನ ಒಂದು ಚುಕ್ಕೆ. ಇಳಿಸುವ ಮೂಲ ಆಪರೇಟರುಗಳೂ ಎರಡು: ಒಂದು ಅಪ್ ಕ್ವಾರ್ಕನ್ನು ಡೌನ್ ಮಾಡುತ್ತದೆ, ಇನ್ನೊಂದು ಡೌನನ್ನು ಸ್ಟ್ರೇಂಜ್ ಮಾಡುತ್ತದೆ. ತುದಿಯ ಸ್ಥಿತಿಯಿಂದ ಮೊದಲನೆಯದರಲ್ಲಿ ಪ ಮೆಟ್ಟಿಲು, ಎರಡನೆಯದರಲ್ಲಿ ಕ ಮೆಟ್ಟಿಲು ಇಳಿಯಬಹುದಾದರೆ ಆ ಜೋಡಿಯೇ ಅತ್ಯುಚ್ಚ ತೂಕ. ಇಡೀ ನಿರೂಪಣೆಯನ್ನು ಅದೊಂದೇ ನಿರ್ಧರಿಸುತ್ತದೆ. ಅದರ ಆಯಾಮ (ಪ+1)(ಕ+1)(ಪ+ಕ+2)/2.

ಅರೆಸರಳ ಲೀ ಬೀಜಗಣಿತಗಳಿಗೆಲ್ಲ ಇಂಥದೇ ಪ್ರಮೇಯವಿದೆ. 1913ರಲ್ಲಿ ಎಲೀ ಕಾರ್ತಾನ್ ಒಂದೊಂದು ಬಗೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಇದನ್ನು ತೋರಿಸಿದ್ದರು. ಬಗೆಗಳನ್ನು ಬಿಡಿಸದೆ, ಬೀಜಗಣಿತದಿಂದಲೇ ಎಲ್ಲಕ್ಕೂ ಒಟ್ಟಿಗೆ ಸಾಧನೆ ಕೊಟ್ಟವರಲ್ಲಿ ಹರೀಶ್‌ಚಂದ್ರ ಒಬ್ಬರು. ಆ ಪ್ರಬಂಧ 1951ರದು. ಅವರು ನಮ್ಮ ಬೆಂಗಳೂರಿಗೆ ಸಂಬಂಧಪಟ್ಟವರು. 1943ರಿಂದ 1945ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರೊಡನೆ ಭೌತವಿಜ್ಞಾನವನ್ನೇ ಮಾಡುತ್ತಿದ್ದರು; ಅನಂತರ ಕೇಂಬ್ರಿಜ್‌ಗೆ ಹೋಗಿ ಡಿರಾಕ್ ಅವರ ಶಿಷ್ಯರಾದರು. ಭೌತವಿಜ್ಞಾನ ಕಳೆದುಕೊಂಡದ್ದನ್ನು ಗಣಿತ ಗಳಿಸಿತು ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ಆ ಪ್ರಶ್ನೆ. ಅಷ್ಟಕದ ತುದಿಯಲ್ಲಿ ಪ್ರೋಟಾನ್ ಇದೆ: ಎರಡು ಅಪ್, ಒಂದು ಡೌನ್; ಪ=1, ಕ=1. ಅಪ್ ಒಂದನ್ನು ಡೌನ್ ಮಾಡಿದರೆ ನ್ಯೂಟ್ರಾನ್. ಅಲ್ಲಿಂದ ಡೌನ್ ಒಂದನ್ನು ಸ್ಟ್ರೇಂಜ್ ಮಾಡಿದರೆ ನಡುವಿನ ಚುಕ್ಕೆ. ಕ್ರಮ ಬದಲಿಸಿ: ಮೊದಲು ಸಿಗ್ಮಾ ಪ್ಲಸ್, ಆಮೇಲೆ ಅದೇ ಚುಕ್ಕೆ. ಊರು ಒಂದೇ, ಆದರೆ ಎರಡು ದಾರಿಗಳಿಂದ ತಲುಪಿದ ಸ್ಥಿತಿಗಳು ಒಂದೇ ಅಲ್ಲ. ಎರಡನೆಯ ದಾರಿಯಲ್ಲಿ ಸಿಗುವುದು ಶುದ್ಧ ಸಿಗ್ಮಾ ಸೊನ್ನೆ. ಮೊದಲನೆಯದರಲ್ಲಿ ಸಿಗ್ಮಾ ಸೊನ್ನೆ ಮತ್ತು ಲ್ಯಾಂಬ್ಡಾ ಬೆರೆತಿವೆ. ಒಂದು ಇನ್ನೊಂದರ ಗುಣಕವಲ್ಲವಾದ್ದರಿಂದ ಆ ತೂಕದ ಬಾಹುಳ್ಯ 2. ಇದು ಬರಿಯ ಲೆಕ್ಕದ ಮಾತಲ್ಲ; ಸಿಗ್ಮಾ ಸೊನ್ನೆಯ ದ್ರವ್ಯರಾಶಿ ಲ್ಯಾಂಬ್ಡಾಕ್ಕಿಂತ ಸುಮಾರು 77 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಹೆಚ್ಚು, ಅದು ಫೋಟಾನ್ ಉಗುಳಿ ಲ್ಯಾಂಬ್ಡಾ ಆಗುತ್ತದೆ.

ದಶಕದಲ್ಲಿ ಹೀಗಾಗುವುದಿಲ್ಲ. ಅದರ ತುದಿಯ ಡೆಲ್ಟಾ ಪ್ಲಸ್ ಪ್ಲಸ್‌ನಲ್ಲಿ ಮೂರೂ ಅಪ್ ಕ್ವಾರ್ಕುಗಳೇ. ಸ್ಟ್ರೇಂಜ್ ಮಾಡಲು ಡೌನ್ ಇಲ್ಲ, ಎರಡನೆಯ ದಾರಿ ಹೊಸಿಲಲ್ಲೇ ಮುಚ್ಚಿದೆ. ಪ=3, ಕ=0; ಹತ್ತು ಚುಕ್ಕೆ, ಹತ್ತೇ ಕಣ. ಹತ್ತನೆಯದಾದ ಒಮೆಗಾ ಮೈನಸ್ ಮೊದಲೇ ನುಡಿದಂತೆ 1964ರಲ್ಲಿ ಬ್ರುಕ್‌ಹೇವನ್‌ನಲ್ಲಿ ಸಿಕ್ಕಿತು.

ತರಗತಿಯಲ್ಲಿ ಪ=2, ಕ=1 ಕೊಟ್ಟು ನೋಡಿ. ಆಯಾಮ 15, ಚುಕ್ಕೆಗಳು 12. ಯಾವ ಮೂರಕ್ಕೆ ಎರಡು ದಾರಿ?