ಒಂದು ಸಾಲಿನ ಆಜ್ಞೆ

ಕೃಷ್ಣಾ ನದಿಯ ದಡದಲ್ಲಿರುವ ಗಲಗಲಿಯಂಥ ಊರಿನಲ್ಲಿ ಹೊಲಕ್ಕೆ ಎರಡು ರೂಪಗಳುಂಟು. ಕಣ್ಣಿಗೆ ಕಾಣುವ ಎರೆ ಮಣ್ಣು, ಅದರ ಮೇಲೆ ನಿಂತ ಕಬ್ಬು ಇಲ್ಲವೆ ಜೋಳ, ಇದು ಒಂದು ರೂಪ. ಸರಕಾರದ ದಫ್ತರದಲ್ಲಿರುವ ಬರಹ ಇನ್ನೊಂದು. ಈ ಬರಹವನ್ನು ಇಲ್ಲಿಯ ಜನ ಉತಾರವೆನ್ನುತ್ತಾರೆ. ಹಳೆಯ ಮೈಸೂರಿನ ಕಡೆ ಅದಕ್ಕೆ ಪಹಣಿಯೆಂದು ಹೆಸರು. ಬೆಳೆಸಾಲ ಬೇಕಾದಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಹೊಲ ಮಾರುವಾಗ ಎಲ್ಲರೂ ಕೇಳುವುದು ಉತಾರವನ್ನೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆ, ಬೀಳಗಿಗಳ ಕಡೆಯ ಎಷ್ಟೋ ಭೂಮಿಯನ್ನು ಮುಳುಗಿಸಿತು. ಮಣ್ಣು ನೀರಿನಡಿ ಮರೆಯಾದ ಮೇಲೆ ಪರಿಹಾರ ಯಾರಿಗೆ ಸಲ್ಲಬೇಕೆಂಬುದನ್ನು ಹೇಳಲು ಉಳಿಯುವುದು ದಾಖಲೆಯ ಆ ಸಾಲು ಮಾತ್ರ.

ಈ ಬರಹ ಬಹುಕಾಲ ತಲಾಟಿಯ ಕೈಪುಸ್ತಕಗಳಲ್ಲಿತ್ತು. ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, 2001ರ ಸುಮಾರಿಗೆ 67 ಲಕ್ಷ ಹಿಡುವಳಿದಾರರ ಹೆಚ್ಚುಕಡಿಮೆ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಇಂದು ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿ, ಸರ್ವೆ ನಂಬರನ್ನು ಕೊಟ್ಟರೆ ಹೊಲದ ವಿವರ ಪರದೆಯ ಮೇಲೆ ಮೂಡುತ್ತದೆ. ಇಂಥ ಜಾಲತಾಣಗಳ ಹಿಂದೆ ನಿಂತಿರುವ ದಫ್ತರವನ್ನು ನೋಡಿಕೊಳ್ಳುವವರು ಯಾವ ಸಲಕರಣೆಗಳನ್ನು ಬಳಸುತ್ತಾರೆ, ಅವುಗಳಲ್ಲಿ ಎಂಥ ಶಕ್ತಿಯಿದೆ, ಎಂಥ ಅಪಾಯವಿದೆ ಎಂಬುದನ್ನು ಈಗ ವಿಚಾರಿಸೋಣ.

ದಫ್ತರದ ಒಳರಚನೆ

ಗಣಕಯಂತ್ರದ ದಫ್ತರಕ್ಕೆ ದತ್ತಸಂಚಯ ಅಥವಾ ಡೇಟಾಬೇಸ್ ಎಂದು ಹೆಸರು. ಅದರೊಳಗೆ ಕೋಷ್ಟಕಗಳಿರುತ್ತವೆ. ಒಂದೊಂದು ಹಿಡುವಳಿಗೆ ಒಂದೊಂದು ಅಡ್ಡಸಾಲು. ಸರ್ವೆ ನಂಬರು, ಹೆಸರು, ಕ್ಷೇತ್ರ ಇವುಗಳಿಗೆ ಒಂದೊಂದು ಕಂಬಸಾಲು. ಎಷ್ಟು ದೊಡ್ಡ ದಫ್ತರವನ್ನಾದರೂ ಹೀಗೆ ಸರಳ ಕೋಷ್ಟಕಗಳಾಗಿ ಕಾಣಬಹುದೆಂದು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು ತೋರಿಸಿಕೊಟ್ಟರು. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಈ ಕೋಷ್ಟಕಗಳೊಡನೆ ಮಾತನಾಡಲು ಒಂದು ಭಾಷೆಯನ್ನು ಪ್ರಕಟಿಸಿದರು. ಅದೇ ಇಂದಿನ ‘ಎಸ್‌ಕ್ಯುಎಲ್’. ಅದರಲ್ಲಿ ಬೇಕಾದುದನ್ನು ತೋರಿಸು ಎನ್ನಲು ‘ಸೆಲೆಕ್ಟ್’, ತಿದ್ದು ಎನ್ನಲು ‘ಅಪ್‌ಡೇಟ್’, ಅಳಿಸು ಎನ್ನಲು ‘ಡಿಲೀಟ್’ ಎಂಬ ಪದಗಳಿವೆ. ಯಂತ್ರಕ್ಕೆ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು. ಓದುವ ಸೌಕರ್ಯಕ್ಕಾಗಿ ನಾವು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ.

ಎರಡು ಬಾಗಿಲುಗಳು

ದಫ್ತರಕ್ಕೆ ಎರಡು ಬಾಗಿಲುಗಳಿವೆ. ಜಾಲತಾಣದ ಪುಟವು ಮುಂಬಾಗಿಲು. ಅಲ್ಲಿ ಮನೆಗಳನ್ನು ತುಂಬಿ ಗುಂಡಿಯೊತ್ತಿದರೆ ಸಾಕು, ತಂತ್ರಾಂಶವೇ ನಮ್ಮ ಪರವಾಗಿ ಆಜ್ಞೆಯನ್ನು ರಚಿಸಿ ಒಳಗೆ ಕಳಿಸುತ್ತದೆ. ಅದು ಒಳ್ಳೆಯ ಗುಮಾಸ್ತನಂತೆ. ಅಡ್ಡಾದಿಡ್ಡಿಯಾಗಿ ಕೇಳಿದರೆ ತಡೆಯುತ್ತದೆ. ಆಜ್ಞಾಪಂಕ್ತಿಯು ಹಿಂಬಾಗಿಲು. ಅಲ್ಲಿರುವುದು ಬರಿಯ ಪರದೆ ಮತ್ತು ಮಿನುಗುವ ಒಂದು ಗುರುತು. ನಾವು ಒಂದು ಸಾಲು ಬರೆದು ಗುಂಡಿಯೊತ್ತಿದೆವೆಂದರೆ ಆ ಮಾತು ನೇರವಾಗಿ ದಫ್ತರಕ್ಕೆ ತಲುಪುತ್ತದೆ. ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ ‘ಪಿಎಸ್‌ಕ್ಯುಎಲ್’, ಮೈಎಸ್‌ಕ್ಯುಎಲ್‌ಗೆ ಅದೇ ಹೆಸರಿನ ಒಂದು ಸಲಕರಣೆ, ಹೀಗೆ ಪ್ರತಿಯೊಂದಕ್ಕೂ ತನ್ನದೇ ಹಿಂಬಾಗಿಲು ಇದೆ.

ಚಂದದ ಪುಟಗಳಿರುವಾಗ ಈ ಒರಟು ಬಾಗಿಲು ಏಕೆ ಬೇಕು? ಸಾವಿರಾರು ಸಾಲುಗಳಲ್ಲಿ ಒಂದೇ ಬಗೆಯ ತಪ್ಪನ್ನು ತಿದ್ದಬೇಕಾದಾಗ, ಇಡೀ ದಫ್ತರದ ಪ್ರತಿ ತೆಗೆಯಬೇಕಾದಾಗ, ಮುಂಬಾಗಿಲೇ ಕೆಟ್ಟು ನಿಂತಾಗ ಬೇರೆ ದಾರಿಯಿಲ್ಲ. ಮೇಲಾಗಿ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅವನ್ನು ಮತ್ತೊಬ್ಬರು ಓದಿ ಪರೀಕ್ಷಿಸಬಹುದು. ನಾಳೆ ಅದೇ ಕೆಲಸವನ್ನು ಅಕ್ಷರವೂ ತಪ್ಪದಂತೆ ಮತ್ತೆ ಮಾಡಬಹುದು.

‘ವೇರ್’ ಎಂಬ ಪದದ ಬೆಲೆ

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ‘ಉತಾರ’ ಎಂಬ ಕೋಷ್ಟಕದಲ್ಲಿ 800 ಸಾಲುಗಳಿವೆ. ಸರ್ವೆ ನಂಬರು 112ರ ಒಡತಿ ನೀಲವ್ವನ ಹೆಸರು ಲೀಲವ್ವ ಎಂದು ಬಿದ್ದಿದೆ. ತಿದ್ದಲು ಬರೆಯಬೇಕಾದ ಆಜ್ಞೆ ಇಷ್ಟು:

ಅಪ್‌ಡೇಟ್ ಉತಾರ ಸೆಟ್ ಹೆಸರು = 'ನೀಲವ್ವ' ವೇರ್ ಸರ್ವೆ = 112;

‘ವೇರ್’ ಎಂದರೆ ‘ಎಲ್ಲಿ’. ಯಾವ ಸಾಲಿನಲ್ಲಿ ತಿದ್ದಬೇಕೆಂಬುದನ್ನು ಹೇಳುವ ಭಾಗವಿದು. ಅವಸರದಲ್ಲಿ ಈ ಭಾಗವನ್ನು ಬಿಟ್ಟರೆ ಯಂತ್ರವು ತಪ್ಪೆನ್ನುವುದಿಲ್ಲ. ವಾಕ್ಯವು ವ್ಯಾಕರಣಶುದ್ಧವಾಗಿಯೇ ಇದೆ! ಕ್ಷಣಮಾತ್ರದಲ್ಲಿ 800 ಹೊಲಗಳಿಗೂ ನೀಲವ್ವನೇ ಒಡತಿಯಾಗುತ್ತಾಳೆ. ಕೈಪುಸ್ತಕದ ಕಾಲದಲ್ಲಿ ಇಷ್ಟು ತಪ್ಪು ಮಾಡಲು ತಲಾಟಿಗೆ ವಾರಗಳೇ ಬೇಕಾಗುತ್ತಿದ್ದವು.

ಆದುದರಿಂದ ಅನುಭವಿಗಳು ಮೊದಲು ಅದೇ ‘ವೇರ್’ ಭಾಗವನ್ನಿಟ್ಟು ‘ಸೆಲೆಕ್ಟ್’ ಆಜ್ಞೆಯನ್ನು ಕೊಡುತ್ತಾರೆ. ಪರದೆಯ ಮೇಲೆ ಒಂದೇ ಸಾಲು ಬಂದರೆ ಮಾತ್ರ ತಿದ್ದಲು ಮುಂದಾಗುತ್ತಾರೆ. ಮೈಎಸ್‌ಕ್ಯುಎಲ್ ಸಲಕರಣೆಯಲ್ಲಿ ಸುರಕ್ಷಿತ ತಿದ್ದುಪಡಿಯೆಂಬ ಒಂದು ಏರ್ಪಾಡೂ ಇದೆ. ಅದನ್ನು ಹಚ್ಚಿಟ್ಟರೆ ಎಲ್ಲಿ ತಿದ್ದಬೇಕೆಂದು ಹೇಳದೆ ಎಲ್ಲ ಸಾಲುಗಳಿಗೂ ತಗಲುವ ಆಜ್ಞೆಯನ್ನು ಅದು ನಿರಾಕರಿಸುತ್ತದೆ. ಅದನ್ನು ರಚಿಸಿದವರು ವಿನೋದಕ್ಕಾಗಿ ಅದಕ್ಕೆ ‘ನಾನು ದಡ್ಡ’ ಎಂಬರ್ಥದ ಎರಡನೆಯ ಹೆಸರನ್ನೂ ಇಟ್ಟಿದ್ದಾರೆ. ಹಾಗೆ ಒಪ್ಪಿಕೊಳ್ಳುವುದೇ ಜಾಣತನವೆಂದು ನಮಗೆ ತೋರುತ್ತದೆ.

ಪೂರ್ತಿ, ಇಲ್ಲವೆ ಏನೂ ಇಲ್ಲ

ಈಗ ನೀಲವ್ವನು ತನ್ನ 5 ಎಕರೆ 20 ಗುಂಟೆಯಲ್ಲಿ 2 ಎಕರೆಯನ್ನು ಮಗಳು ಶಾಂತವ್ವನಿಗೆ ಕೊಡುತ್ತಾಳೆನ್ನಿ. ಇದಕ್ಕೆ ಎರಡು ಆಜ್ಞೆಗಳು ಬೇಕು: ತಾಯಿಯ ಸಾಲಿನಲ್ಲಿ 2 ಎಕರೆ ಕಳೆಯುವುದು ಒಂದು, ಮಗಳ ಹೆಸರಿನಲ್ಲಿ 2 ಎಕರೆಯ ಹೊಸ ಸಾಲು ಬರೆಯುವುದು ಇನ್ನೊಂದು. ಇವೆರಡರ ನಡುವೆ ವಿದ್ಯುತ್ತು ಹೋದರೇನು ಗತಿ? ತಾಯಿಗೆ 3 ಎಕರೆ 20 ಗುಂಟೆ ಉಳಿಯಿತು. ಉಳಿದ 2 ಎಕರೆ ಯಾರದೂ ಅಲ್ಲದಾಯಿತು.

ಇದನ್ನು ತಡೆಯಲು ‘ಬಿಗಿನ್’ ಎಂದು ಆರಂಭಿಸಿ, ಎರಡು ಆಜ್ಞೆಗಳನ್ನೂ ಕೊಟ್ಟು, ಫಲವನ್ನು ನೋಡಿ ‘ಕಮಿಟ್’ ಎಂದು ಮುಗಿಸುತ್ತಾರೆ. ಕೊನೆಯ ಮಾತು ಬರುವ ತನಕ ಯಾವ ಬದಲಾವಣೆಯೂ ಕಾಯಂ ಆಗದು. ಸಂದೇಹ ಬಂದರೆ ‘ರೋಲ್‌ಬ್ಯಾಕ್’ ಎಂದರಾಯಿತು, ಎಲ್ಲವೂ ಮೊದಲಿನಂತೆ. ಇಂಥ ಒಂದು ಕಟ್ಟಿಗೆ ವ್ಯವಹಾರವೆಂದು ಹೆಸರು. ‘ಬಿಗಿನ್’ ಹೇಳದಿದ್ದರೆ ಸಾಮಾನ್ಯವಾಗಿ ಪ್ರತಿ ಆಜ್ಞೆಯೂ ಆ ಕ್ಷಣದಲ್ಲೇ ಕಾಯಂ ಆಗುತ್ತದೆಂಬುದನ್ನು ಮರೆಯಬಾರದು.

ಯಂತ್ರವು ಈ ಮಾತನ್ನು ಉಳಿಸಿಕೊಳ್ಳುವ ಬಗೆ ನಮ್ಮ ಪೇಟೆಯ ವ್ಯಾಪಾರಿಗಳಿಗೆ ಹೊಸದಲ್ಲ. ಅವರು ದಿನದ ವಹಿವಾಟನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖತಾವಣಿಗೆ ಏರಿಸುತ್ತಾರೆ. ಅನೇಕ ದತ್ತಸಂಚಯಗಳು ಕೂಡ ಬದಲಾವಣೆಯನ್ನು ಮೊದಲು ದಿನಚರಿಯ ಕಡತದಲ್ಲಿ ಗುರುತುಮಾಡಿ, ಬಳಿಕ ಕೋಷ್ಟಕಕ್ಕೆ ಇಳಿಸುತ್ತವೆ. ವಿದ್ಯುತ್ತು ಮರಳಿದಾಗ ದಿನಚರಿಯನ್ನು ಓದಿ, ಮುಗಿದ ವ್ಯವಹಾರಗಳನ್ನು ಪೂರ್ತಿಗೊಳಿಸಿ, ಮುಗಿಯದವನ್ನು ಕೈಬಿಡುತ್ತವೆ.

ಪ್ರತಿಯ ಪರೀಕ್ಷೆ

ಆದರೆ ದಫ್ತರದ ಕೋಣೆಗೇ ಬೆಂಕಿ ಬಿದ್ದರೆ ಕಿರ್ದಿಯೂ ಉಳಿಯದು. ಅದಕ್ಕಾಗಿ ಪ್ರತಿ ಬೇಕು. ‘ಪಿಜಿಡಂಪ್’, ‘ಮೈಎಸ್‌ಕ್ಯುಎಲ್‌ಡಂಪ್’ ಎಂಬ ಸಲಕರಣೆಗಳು ಒಂದೇ ಆಜ್ಞೆಯಿಂದ ಇಡೀ ದತ್ತಸಂಚಯವನ್ನು ಬರಹದ ಕಡತವಾಗಿ ಇಳಿಸಿಕೊಡಬಲ್ಲವು. ಆ ಕಡತದಲ್ಲಿರುವುದು ಕೋಷ್ಟಕಗಳನ್ನು ಮತ್ತೆ ಕಟ್ಟಲು ಬೇಕಾದ ಆಜ್ಞೆಗಳೇ.

ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನಿಡುವ ಗಿಟ್‌ಲ್ಯಾಬ್ ಎಂಬ ಜಾಲತಾಣದಲ್ಲಿ 2017ರ ಜನವರಿ 31ರಂದು ನಡೆದ ಘಟನೆ ಇಲ್ಲಿ ನೆನೆಯತಕ್ಕದ್ದು. ಅವರ ಎರಡು ಯಂತ್ರಗಳ ಹೆಸರಿನಲ್ಲಿದ್ದ ವ್ಯತ್ಯಾಸ ಒಂದು ಅಂಕೆಯಷ್ಟೇ. ರಾತ್ರಿಯ ಹೊತ್ತು ದುರಸ್ತಿಯಲ್ಲಿ ತೊಡಗಿದ್ದ ತಂತ್ರಜ್ಞರೊಬ್ಬರು ನೆರವಿನ ಯಂತ್ರದಲ್ಲಿ ಕೊಡಬೇಕಾದ, ಕಡತಗಳನ್ನೇ ಅಳಿಸುವ ಆಜ್ಞೆಯನ್ನು ಮುಖ್ಯ ಯಂತ್ರದಲ್ಲಿ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ 4.5 ಗಿಗಾಬೈಟು ಮಾತ್ರ ಉಳಿದಿತ್ತು. ಕಡತಗಳೇ ಹೋದ ಮೇಲೆ ‘ರೋಲ್‌ಬ್ಯಾಕ್’ ಏನು ಮಾಡೀತು? ಪ್ರತಿಗಳನ್ನು ಹುಡುಕಿದರೆ, ದಿನನಿತ್ಯ ಪ್ರತಿ ತೆಗೆಯುತ್ತಿದ್ದ ಸಲಕರಣೆಯ ಆವೃತ್ತಿ ದತ್ತಸಂಚಯದ ಆವೃತ್ತಿಗೆ ಹೊಂದದೆ ಕೆಲಸ ನಿಂತೇಹೋಗಿತ್ತು. ಅದನ್ನು ತಿಳಿಸುವ ಪತ್ರಗಳೂ ಯಾರಿಗೂ ಮುಟ್ಟಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆಗಳ ಮುಂಚೆ ಒಬ್ಬರು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಗಳ ಬರಹ ಮರಳಲಿಲ್ಲ. ಸಂಸ್ಥೆಯವರು ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದ ಜಗತ್ತಿಗೆ ಒಂದು ಪಾಠ ದೊರಕಿತು: ಪ್ರತಿ ತೆಗೆದರೆ ಸಾಲದು, ಅದರಿಂದ ದಫ್ತರವನ್ನು ಮತ್ತೆ ಕಟ್ಟಿ ನೋಡಿದ ಮೇಲೆಯೇ ಅದನ್ನು ಪ್ರತಿಯೆನ್ನಬೇಕು.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನೆಲ್ಲ ಮನೆಯಲ್ಲಿಯೇ ಪ್ರಯೋಗಿಸಬಹುದು. 2000ರಲ್ಲಿ ರಿಚರ್ಡ್ ಹಿಪ್ ರಚಿಸಿದ ‘ಎಸ್‌ಕ್ಯುಎಲೈಟ್’ ಉಚಿತವಾಗಿ ದೊರೆಯುತ್ತದೆ; ಅದರಲ್ಲಿ ದತ್ತಸಂಚಯವೆಲ್ಲ ಒಂದೇ ಕಡತ. ನಿಮ್ಮ ಓಣಿಯ ಹೊಲಗಳನ್ನೋ ಶಾಲೆಯ ಪುಸ್ತಕಗಳನ್ನೋ ಕಲ್ಪಿಸಿಕೊಂಡು ಹತ್ತು ಸಾಲುಗಳ ಕೋಷ್ಟಕವನ್ನು ಕಟ್ಟಿರಿ. ‘ಬಿಗಿನ್’ ಎಂದು ಹೇಳಿ, ಬೇಕೆಂದೇ ‘ವೇರ್’ ಬಿಟ್ಟು ತಿದ್ದಿರಿ. ಹತ್ತೂ ಸಾಲುಗಳು ಕೆಟ್ಟುದನ್ನು ನೋಡಿ ‘ರೋಲ್‌ಬ್ಯಾಕ್’ ಎನ್ನಿರಿ. ಬಳಿಕ ಮೊದಲಿಗೊಂದು ಚುಕ್ಕೆಯಿಟ್ಟು ‘ಡಂಪ್’ ಎಂದು ಬರೆದು, ಬಂದ ಬರಹವನ್ನು ಕಡತದಲ್ಲಿ ಉಳಿಸಿಕೊಳ್ಳಿರಿ. ಮೂಲವನ್ನು ಬೇರೆಡೆಗೆ ಸರಿಸಿ, ಆ ಕಡತವೊಂದರಿಂದಲೇ ಕೋಷ್ಟಕವನ್ನು ಮತ್ತೆ ಕಟ್ಟಿರಿ. ಹತ್ತು ಸಾಲುಗಳೂ ಮರಳಿ ಬಂದವೇ? ಒಂದೊಂದಾಗಿ ಎಣಿಸಿ ನೋಡಿರಿ. ಮುಂದೆ ನಿಮ್ಮ ಕೈಗೆ ಬರುವ ದಫ್ತರದ ಒಂದೊಂದು ಸಾಲೂ ಯಾರದೋ ಹೊಲವಾಗಿರುತ್ತದೆ.