ನಾದವನ್ನು ಒಯ್ಯುವ ತಂತಿ

ಬಸರಾಳಿನ ಮನೆಯೊಂದಕ್ಕೆ ಸ್ಟೀರಿಯೋ ಯಂತ್ರವನ್ನು ತಂದರೆನ್ನೋಣ. ಯಂತ್ರವೂ ಧ್ವನಿವರ್ಧಕಗಳೂ ಉತ್ತಮವಾದುವೇ. ಆದರೂ ಮೃದಂಗದ ಮಂದ್ರನಾದ ಕೇಳಿಸದು. ದೋಷವೆಲ್ಲಿ? ಹಲವೊಮ್ಮೆ ಅದು ತಂತಿಯ ಜೋಡಣೆಯಲ್ಲಿರುತ್ತದೆ.

ಧ್ವನಿವರ್ಧಕದ ಪರದೆ ಗಾಳಿಯನ್ನು ಮುಂದಕ್ಕೆ ನೂಕಿ ಹಿಂದಕ್ಕೆ ಸೆಳೆಯುವುದರಿಂದ ಧ್ವನಿ ಹುಟ್ಟುತ್ತದೆ. ಒಂದರ ತಂತಿಗಳು ಅದಲುಬದಲಾದರೆ, ಒಂದು ನೂಕುವಾಗ ಇನ್ನೊಂದು ಸೆಳೆಯುತ್ತದೆ, ಮಂದ್ರನಾದ ಅಳಿಯುತ್ತದೆ. ಆದುದರಿಂದ ಕೆಂಪನ್ನು ಕೆಂಪಿಗೂ ಕಪ್ಪನ್ನು ಕಪ್ಪಿಗೂ ಸೇರಿಸಬೇಕು.

ತಂತಿಯ ಗಾತ್ರವೂ ಮುಖ್ಯ. ತಂತಿಯ ರೋಧ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದಾಗ, ಈ ನಷ್ಟವನ್ನು ತಡೆಯಲು ವೋಲ್ಟೇಜನ್ನು ಬಹಳವಾಗಿ ಏರಿಸಿ ಪ್ರವಾಹವನ್ನು ತಗ್ಗಿಸಿದರು. ಮನೆಯಲ್ಲಿ ಅಂತಹ ಉಪಾಯ ಬೇಕಿಲ್ಲ. ತಂತಿ ಗಿಡ್ಡವಾಗಿ ದಪ್ಪವಾಗಿದ್ದರೆ ಸಾಕು. 8 ಓಮ್ ಧ್ವನಿವರ್ಧಕ 10 ಮೀಟರ್ ದೂರದಲ್ಲಿದ್ದರೆ, ಹೋಗಿಬರುವ ತಂತಿ 20 ಮೀಟರ್. 0.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಶಕ್ತಿಯ ಶೇಕಡ 8ರಷ್ಟು ದಾರಿಯಲ್ಲಿಯೇ ಸೋರುತ್ತದೆ, 1.5 ಚದರ ಮಿಲಿಮೀಟರಿನದರಲ್ಲಿ ಶೇಕಡ 3ರಷ್ಟು ಮಾತ್ರ.

ಇನ್ನೊಂದು ಎಚ್ಚರವೂ ಅಗತ್ಯ. ಒಂದೇ ಪಾರ್ಶ್ವಕ್ಕೆ ಎರಡು 8 ಓಮ್ ಧ್ವನಿವರ್ಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ರೋಧ 4 ಓಮಿಗೆ ಇಳಿದು ಪ್ರವಾಹ ಇಮ್ಮಡಿಯಾಗುತ್ತದೆ. ಅದನ್ನು ತಾಳದ ಯಂತ್ರ ಸುಟ್ಟುಹೋದೀತು. ಸರಣಿಯಲ್ಲಿ ಜೋಡಿಸಿದರೆ ರೋಧ 16 ಓಮ್. ಧ್ವನಿ ತಗ್ಗಿದರೂ ಯಂತ್ರಕ್ಕೆ ಅಪಾಯವಿಲ್ಲ. ಯಂತ್ರದ ಹಿಂಬದಿಯಲ್ಲಿ ನಮೂದಿಸಿರುವ ಮಿತಿಯನ್ನು ಮೊದಲು ಓದುವುದು ವಿವೇಕ.

ಹಣ ಹೆಚ್ಚು ತೆತ್ತ ಮಾತ್ರಕ್ಕೆ ಇಂಪು ಹೆಚ್ಚದು. ಕಾರಣವರಿತು ಜೋಡಿಸಿದ ಕೈಗೆ ಸಂಗೀತ ಪೂರ್ಣವಾಗಿ ಒಲಿಯುತ್ತದೆ.