ಹಳೆಯ ಲೆನ್ಸಿಗೆ ತಕ್ಕ ಹೊಸ ಕ್ಯಾಮೆರಾ

ನಮ್ಮ ಸೋದರಮಾವನವರು ದೀರ್ಘಕಾಲ ಬಳಸಿದ ನಿಕಾನ್ ಕ್ಯಾಮೆರಾ ಅವರ ತರುವಾಯ ನನ್ನ ಪಾಲಿಗೆ ಬಂದಾಗ, ಅದರೊಡನೆ ಒಂದು ಚರ್ಮದ ಚೀಲದಲ್ಲಿ 28, 50 ಮತ್ತು 135 ಮಿಲಿಮೀಟರಿನ ಮೂರು ಲೆನ್ಸುಗಳೂ ಬಂದವು. ಫಿಲ್ಮ್ ರೋಲು ದುರ್ಲಭವಾಗಿ, ಅದನ್ನು ತೊಳೆದುಕೊಡುತ್ತಿದ್ದ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದ್ದರಿಂದ ಕ್ಯಾಮೆರಾ ಬೀರುವನ್ನು ಸೇರಿತು. ಆದರೆ 50 ಮಿಲಿಮೀಟರ್ ಲೆನ್ಸಿನ ಫೋಕಸ್ ಉಂಗುರವನ್ನು ತಿರುಗಿಸಿದೊಡನೆ ಬೆರಳಿಗೆ ಅನುಭವವಾಗುವ, ಎಲ್ಲಿಯೂ ತಡೆಯದ, ಎಲ್ಲಿಯೂ ಸಡಿಲವಾಗದ ಆ ಸ್ನಿಗ್ಧ ಚಲನೆಯನ್ನು ಕಂಡ ಮೇಲೆ, ಅದನ್ನೂ ಬೀರುವಿನ ಕತ್ತಲೆಗೆ ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ.

ಇಂಥ ಸ್ವತ್ತುಳ್ಳ ಮನೆಗಳು ನಮ್ಮಲ್ಲಿ ಅನೇಕವಿವೆ. ಅಂಥವರು ಡಿಜಿಟಲ್ ಕ್ಯಾಮೆರಾ ಕೊಳ್ಳಹೊರಟಾಗ ಮೊದಲು ಮೆಗಾಪಿಕ್ಸೆಲ್ಲನ್ನೂ ಬೆಲೆಯನ್ನೂ ವಿಚಾರಿಸಿ, ಹಣ ತೆತ್ತು ಮನೆಗೆ ತಂದ ಮೇಲೆ, ಹಳೆಯ ಲೆನ್ಸು ಇದಕ್ಕೆ ಕೂಡೀತೇ ಎಂದು ಯೋಚಿಸುವುದುಂಟು. ಈ ಕ್ರಮ ವಿಪರೀತವಾದುದು. ಡಿಜಿಟಲ್ ಕ್ಯಾಮೆರಾದ ಬಾಡಿ ಹತ್ತು ವರ್ಷಗಳಲ್ಲಿ ಹಳತಾಗುತ್ತದೆ; ಜೋಪಾನವಾಗಿಟ್ಟ ಲೆನ್ಸಾದರೋ ಐವತ್ತು ವರ್ಷ ಕಳೆದರೂ ತನ್ನ ಕೆಲಸವನ್ನು ಅದೇ ನಿಷ್ಠೆಯಿಂದ ಮಾಡುತ್ತದೆ. ಆದುದರಿಂದ ಲೆನ್ಸನ್ನು ಮೊದಲು ಪರೀಕ್ಷಿಸಿ, ಅನಂತರ ಅದಕ್ಕೆ ತಕ್ಕ ಬಾಡಿಯನ್ನು ಅರಸುವುದೇ ಯುಕ್ತ.

ಪರೀಕ್ಷೆಗೆ ಬೇಕಾದುದು ಕತ್ತಲೆ ಕೋಣೆ ಮತ್ತು ಒಂದು ಟಾರ್ಚು. ಅಪರ್ಚರನ್ನು ಪೂರ್ತಿ ತೆರೆದು, ಹಿಂಬದಿಯಿಂದ ಬೆಳಕು ಬಿಟ್ಟು, ಮುಂಬದಿಯಿಂದ ತುಸು ಓರೆಯಾಗಿ ನೋಡಿದರೆ ಗಾಜಿನ ಒಳಗಿನದೆಲ್ಲ ಪ್ರಕಟವಾಗುತ್ತದೆ. ಒಂದಿಷ್ಟು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ, ಚಿತ್ರದಲ್ಲಿ ಅವು ಕಾಣುವುದಿಲ್ಲ. ಆದರೆ ನನ್ನ 135ರಲ್ಲಿ, ಅಂಚಿನಿಂದ ಒಳಮುಖವಾಗಿ, ಬಿಳಿಯ ಬೇರು ಕವಲೊಡೆದಂತೆ, ಕೂದಲಿಗಿಂತ ಸೂಕ್ಷ್ಮವಾದ ಎಳೆಗಳು ಹಬ್ಬಿದ್ದವು. ಅದು ಬೂಷ್ಟು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲವನ್ನು ಚರ್ಮದ ಚೀಲದೊಳಗೆ ಕಳೆದ ಲೆನ್ಸುಗಳಿಗೆ ಇದು ಸಾಮಾನ್ಯವಾದ ವ್ಯಾಧಿ; ಆರಂಭದಲ್ಲಿ ಬಿಚ್ಚಿ ಶುಚಿಮಾಡಬಹುದು, ಗಾಜಿನ ಲೇಪವನ್ನು ತಿಂದ ಮೇಲೆ ಅದರ ಗುರುತು ಹೋಗುವುದಿಲ್ಲ. ಅಪರ್ಚರಿನ ಅಲಗುಗಳಿಗೆ ಎಣ್ಣೆ ಹತ್ತಿ ಅವು ನಿಧಾನವಾಗಿ ಚಲಿಸುತ್ತಿವೆಯೇ ಎಂಬುದನ್ನೂ ಇದೇ ವೇಳೆ ನೋಡಿಕೊಳ್ಳತಕ್ಕದ್ದು. ಮೂರರಲ್ಲಿ ಎರಡು ಆರೋಗ್ಯವಾಗಿದ್ದರೆ ಆ ಎರಡನ್ನು ನಂಬಿ ಮುಂದುವರಿಯಬೇಕು, ಕೆಟ್ಟುದರ ಮೇಲಿನ ಮಮತೆಯಿಂದ ಕ್ಯಾಮೆರಾ ಆರಿಸಬಾರದು.

ಇನ್ನು ಯಾವ ಲೆನ್ಸು ಯಾವ ಬಾಡಿಗೆ ಒಗ್ಗುತ್ತದೆಂಬ ಪ್ರಶ್ನೆ. ಇದರ ಮರ್ಮವೆಲ್ಲ ಒಂದು ಅಂತರದಲ್ಲಿ ಅಡಗಿದೆ. ಲೆನ್ಸು ಕೂರುವ ಉಂಗುರದಿಂದ, ಅಂದರೆ ಮೌಂಟಿನಿಂದ, ಫಿಲ್ಮಿನವರೆಗೆ ಎಷ್ಟು ದೂರವಿರಬೇಕೆಂಬುದನ್ನು ಪ್ರತಿಯೊಂದು ತಯಾರಕರೂ ನಿಶ್ಚಯಿಸಿರುತ್ತಾರೆ. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿಲಿಮೀಟರ್, 1971ರ ಕ್ಯಾನನ್ ಎಫ್‌ಡಿಯಲ್ಲಿ 42, 1987ರಲ್ಲಿ ಅದೇ ಕ್ಯಾನನ್ ತಂದ ಇಎಫ್ ಮೌಂಟಿನಲ್ಲಿ 44. ಈ ದೂರ ಕಡಿಮೆಯಾಗಿರುವ ಬಾಡಿಯ ಮೇಲೆ, ಉಳಿದ ಅಂತರದಷ್ಟು ದಪ್ಪದ ಅಡಾಪ್ಟರನ್ನಿಟ್ಟು ಲೆನ್ಸನ್ನು ಕೂರಿಸಬಹುದು; ಹೆಚ್ಚಾಗಿದ್ದರೆ ಲೆನ್ಸು ಫಿಲ್ಮಿನಿಂದ ದೂರ ಸರಿದು, ದಿಗಂತದ ಬೆಟ್ಟವಾಗಲಿ ಆಕಾಶದ ಚಂದ್ರನಾಗಲಿ ಎಂದಿಗೂ ಸ್ಫುಟವಾಗದು. ನಿಕಾನ್ ಲೆನ್ಸು ಕ್ಯಾನನ್ ಇಎಫ್ ಬಾಡಿಯ ಮೇಲೆ ಎರಡೂವರೆ ಮಿಲಿಮೀಟರಿನ ಉಂಗುರದೊಡನೆ ಸುಖವಾಗಿ ಕೂರುವುದೂ, ಕ್ಯಾನನ್ನಿನದೇ ಆದ ಎಫ್‌ಡಿ ಲೆನ್ಸು ನಡುವೆ ಮತ್ತೊಂದು ಗಾಜಿಲ್ಲದೆ ಆ ಬಾಡಿಗೆ ಹೊಂದದಿರುವುದೂ ಈ ಕಾರಣದಿಂದಲೇ.

ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇಷ್ಟು ಅಂತರ ಬೇಕಾದುದು ಒಳಗೆ ಏರಿಳಿಯುವ ಕನ್ನಡಿಗಾಗಿ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಕನ್ನಡಿಯೇ ಇಲ್ಲವಾದುದರಿಂದ ಅಂತರವೂ ಕುಗ್ಗಿತು: ಸೋನಿ ಇ ಮೌಂಟಿನಲ್ಲಿ 18 ಮಿಲಿಮೀಟರ್, 2018ರಲ್ಲಿ ಬಂದ ನಿಕಾನ್ ಜೆಡ್ ಮತ್ತು ಕ್ಯಾನನ್ ಆರ್‌ಎಫ್ ಮೌಂಟುಗಳಲ್ಲಿ ಕ್ರಮವಾಗಿ 16 ಮತ್ತು 20. ಇದರಿಂದ ಹಿಂದಿನ ಎಸ್‌ಎಲ್‌ಆರ್ ಲೆನ್ಸುಗಳೆಲ್ಲಕ್ಕೂ ನೆಲೆ ದೊರಕಿದಂತಾಯಿತು.

ಹಾಗೆಂದು ಎಲ್ಲರಿಗೂ ಮಿರರ್‌ಲೆಸ್ಸೇ ಗತಿಯೆಂದು ಹೇಳಲಾರೆ. ಪೆಂಟಾಕ್ಸ್ ಕಂಪನಿ 1975ರಲ್ಲಿ ಆರಂಭಿಸಿದ ಕೆ ಮೌಂಟನ್ನು ತನ್ನ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿಯೂ ಉಳಿಸಿಕೊಂಡು ಬಂದಿರುವುದರಿಂದ, ಆ ಲೆನ್ಸುಳ್ಳವರು ಅಡಾಪ್ಟರಿನ ಗೊಡವೆಯಿಲ್ಲದೆ ಅದೇ ಕಂಪನಿಯ ಬಾಡಿಯನ್ನು ಕೊಳ್ಳಬಹುದು. ಕ್ಯಾನನ್ ಇಎಫ್ ಲೆನ್ಸುಳ್ಳವರಿಗೆ ಆರ್‌ಎಫ್ ಬಾಡಿ ಮತ್ತು ಕಂಪನಿಯದೇ ಅಡಾಪ್ಟರು ಸಾಕು, ಆಟೋಫೋಕಸ್ ಸಹಿತವಾಗಿ ಎಲ್ಲವೂ ನಡೆಯುತ್ತದೆ. ಎಚ್ಚರ ಬೇಕಾದುದು ನಿಕಾನಿನವರಿಗೆ. ಅವರ ಎಎಫ್-ಡಿ ಲೆನ್ಸುಗಳಲ್ಲಿ ಮೋಟಾರಿಲ್ಲ, ಬಾಡಿಯೊಳಗಿನ ಮೋಟಾರೇ ಅವನ್ನು ತಿರುಗಿಸಬೇಕು. ಡಿ7000 ಸರಣಿಯಲ್ಲಿ ಅದು ಉಂಟು. ಅಗ್ಗವೆಂದು ಜನ ಕೊಳ್ಳುವ ಡಿ3000, ಡಿ5000 ಸರಣಿಗಳಲ್ಲಿ ಇಲ್ಲ, ಜೆಡ್ ಬಾಡಿಗೆ ನಿಕಾನ್ ಕೊಡುವ ಎಫ್‌ಟಿಜೆಡ್ ಅಡಾಪ್ಟರಿನಲ್ಲಿಯೂ ಇಲ್ಲ. 1977ಕ್ಕಿಂತ ಹಿಂದಿನ ನಿಕಾನ್ ಲೆನ್ಸು, ಮಾರ್ಪಡಿಸದೆ ಹಾಕಿದರೆ, ಡಿ7000ದಂಥ ಬಾಡಿಯ ಸಣ್ಣ ಕೀಲನ್ನು ಮುರಿಯಬಲ್ಲುದು.

ಸೆನ್ಸರಿನ ಅಳತೆಯ ಮಾತೂ ಉಂಟು. ಫಿಲ್ಮಿನ ಚೌಕಟ್ಟಿನಷ್ಟೇ, ಎಂದರೆ 36 ಮತ್ತು 24 ಮಿಲಿಮೀಟರಿನ ಫುಲ್ ಫ್ರೇಮ್ ಸೆನ್ಸರಿದ್ದರೆ ಮಾತ್ರ ಹಳೆಯ ಲೆನ್ಸು ತನ್ನ ಪೂರ್ಣ ದೃಷ್ಟಿಯನ್ನು ತೋರುತ್ತದೆ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನಲ್ಲಿ ನನ್ನ 50 ಮಿಲಿಮೀಟರ್ 75ರಂತೆ ವರ್ತಿಸುತ್ತದೆ. ಮೈಕ್ರೋ ಫೋರ್ ಥರ್ಡ್ಸಿನಲ್ಲಿ 100ರಂತೆ. ಹಕ್ಕಿಗಳ ಚಿತ್ರ ತೆಗೆಯುವವರಿಗೆ ಇದು ಲಾಭ, ಮದುವೆಮನೆಯ ಹಜಾರದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತವರಿಗೆ ನಷ್ಟ.

ಎಲ್ಲವನ್ನೂ ತೂಗಿ, ಬಳಸಿದ ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿಯೊಂದನ್ನು ನಾನು ಕೊಂಡೆ. ಫೋಕಸನ್ನು ಕೈಯಿಂದಲೇ ಮಾಡಬೇಕಾಗಿದ್ದರೂ ಈ ಕ್ಯಾಮೆರಾ ಅದಕ್ಕೆ ನೀಡುವ ನೆರವು ಸೋದರಮಾವನವರ ಕಾಲದಲ್ಲಿ ಇರಲಿಲ್ಲ. ಮೊದಲನೆಯ ದಿನ ಅತ್ತೆಯವರನ್ನು ಕಿಟಕಿಯ ಬಳಿ ಕೂರಿಸಿ, ಕಣ್ಣುಗಂಡಿಯಲ್ಲಿ ಅವರ ಮುಖವನ್ನು ಹಿಗ್ಗಿಸಿಕೊಂಡು ಉಂಗುರವನ್ನು ತಿರುಗಿಸುತ್ತಿದ್ದಂತೆ, ಸ್ಫುಟವಾದ ಅಂಚುಗಳನ್ನು ಗುರುತಿಸುವ ಕೆಂಪು ಗೆರೆ ಕನ್ನಡಕದ ಚೌಕಟ್ಟಿನಿಂದ ಜಾರಿ ರೆಪ್ಪೆಗಳ ಮೇಲೆ ನಿಂತಿತು. ಆಗ ಗುಂಡಿ ಒತ್ತಿದೆ. ಸೆನ್ಸರನ್ನೇ ಅಲುಗಿಸಿ ಕೈನಡುಕವನ್ನು ತಡೆಯುವ ವ್ಯವಸ್ಥೆಯೂ ಇದರಲ್ಲಿದ್ದು, 50 ಎಂದು ಮೆನುವಿನಲ್ಲಿ ನಮೂದಿಸಿದರೆ ಅದು ಹಳೆಯ ಲೆನ್ಸಿಗೂ ಒದಗುತ್ತದೆ. ಅಡಾಪ್ಟರ್ ಹಾಕಿದಾಗ ಶಟರ್ ಕದಲದಿದ್ದರೆ ಗಾಬರಿಯಾಗಬಾರದು. ಲೆನ್ಸಿಲ್ಲದೆಯೂ ಕ್ಲಿಕ್ಕಿಸಲು ಅನುಮತಿ ಕೊಡುವ ಆಯ್ಕೆ ಮೆನುವಿನಲ್ಲಿರುತ್ತದೆ. ಓಡುವ ಮಕ್ಕಳನ್ನೂ ಆಟದ ಮೈದಾನವನ್ನೂ ಮುಖ್ಯವಾಗಿ ಸೆರೆಹಿಡಿಯಬೇಕೆನ್ನುವವರು ಮಾತ್ರ ಈ ಮಾರ್ಗವನ್ನು ಬಿಟ್ಟು ಆಟೋಫೋಕಸ್ ಇರುವ ಹೊಸ ಲೆನ್ಸಿಗೇ ಹಣ ಹಾಕುವುದು ಮೇಲು.

ಓದುಗರಲ್ಲಿ ನನ್ನದೊಂದು ವಿನಂತಿ: ಅಂಗಡಿಗೆ ಹೋಗುವಾಗ ನಿಮ್ಮ ಹಳೆಯ ಲೆನ್ಸನ್ನು ಕೈಯಲ್ಲಿಯೇ ಒಯ್ಯಿರಿ, ಆ ಬಾಡಿಯ ಮೇಲೆ ಅದನ್ನು ಕೂರಿಸಿ, ಬೀದಿಯ ಆಚೆ ಬದಿಯ ನಾಮಫಲಕವೊಂದನ್ನು ಸ್ಫುಟವಾಗಿ ತೆಗೆದು ನೋಡಿದ ಮೇಲೆಯೇ ಹಣ ಕೊಡಿರಿ.